ಓದುಗರ ಪ್ರಶ್ನೆ: ಜೀವಕೋಶ ಕಟ್ಟುವ, ಕಳಚುವ ನ್ಯೂಕ್ಲಿಯಿಕ್ ಆಮ್ಲಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಐದನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದು ಪಠ್ಯಪುಸ್ತಕದ ಸಂದೇಹ, ಒಂದು ಕಾಲುಬೆರಳಿನ ನೋವು, ಇನ್ನೊಂದು ಮಾತ್ರೆಯ ಚೀಟಿ. ಎಲ್ಲವೂ ಡಿಎನ್‌ಎ ಮತ್ತು ಆರ್‌ಎನ್‌ಎಗಳನ್ನು ಜೀವಕೋಶವು ಹೇಗೆ ಕಟ್ಟುತ್ತದೆ, ಹೇಗೆ ಕಳಚುತ್ತದೆ ಎಂಬಲ್ಲಿಗೇ ಬಂದು ಸೇರುತ್ತವೆ.

ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಬದನೆಕಾಯಿ, ಜೋಳ, ಮಾಂಸ, ಯಾವುದನ್ನು ತಿಂದರೂ ಅದರಲ್ಲಿ ಡಿಎನ್‌ಎ ಇರುತ್ತದೆ. ಅದು ನಮ್ಮ ಜೀವಕೋಶಗಳ ಡಿಎನ್‌ಎಗೆ ಸೇರುತ್ತದೆಯೇ? ಸೇರದಿದ್ದರೆ ಹೊಸ ಜೀವಕೋಶಕ್ಕೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ? (ಗಂಗಾವತಿ)

ಬದನೆಕಾಯಿಯ ಡಿಎನ್‌ಎ ಬದನೆಕಾಯಿಯದಾಗಿ ನಮ್ಮ ಜೀವಕೋಶವನ್ನು ಸೇರುವುದಿಲ್ಲ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬರುವ ಕಿಣ್ವಗಳು ಡಿಎನ್‌ಎ, ಆರ್‌ಎನ್‌ಎಗಳ ಉದ್ದನೆಯ ಸರಪಳಿಯನ್ನು ಚೂರುಚೂರು ಮಾಡುತ್ತವೆ. ಕರುಳಿನ ಒಳಗೋಡೆಯ ಕಿಣ್ವಗಳು ಆ ಚೂರುಗಳಿಂದ ಫಾಸ್ಫೇಟನ್ನೂ ನಂತರ ಸಕ್ಕರೆಯನ್ನೂ ಬಿಡಿಸುತ್ತವೆ. ರಕ್ತವನ್ನು ಸೇರುವ ಹೊತ್ತಿಗೆ ಯಾವ ಗಿಡದ್ದು, ಯಾವ ಪ್ರಾಣಿಯದು ಎಂದು ಹೇಳುವ ಅಕ್ಷರಕ್ರಮವೇ ಉಳಿದಿರುವುದಿಲ್ಲ. ಬಿಡಿಯಾಗಿ ಉಳಿದ ಪ್ಯೂರಿನ್‌ಗಳಲ್ಲಿಯೂ, ಅಂದರೆ ಡಿಎನ್‌ಎಯ ಅಕ್ಷರಗಳಾದ ಅಡಿನಿನ್, ಗ್ವಾನಿನ್‌ಗಳ ಗುಂಪಿನಲ್ಲಿಯೂ, ಹೆಚ್ಚಿನವು ಕರುಳಿನ ಗೋಡೆಯಲ್ಲೇ ಯೂರಿಕ್ ಆಮ್ಲವಾಗಿಬಿಡುತ್ತವೆ. ನಮ್ಮ ಅಂಗಾಂಶಗಳ ನ್ಯೂಕ್ಲಿಯಿಕ್ ಆಮ್ಲಕ್ಕೆ ನೇರವಾಗಿ ಸೇರುವುದು ಅತ್ಯಲ್ಪ ಪಾಲು ಮಾತ್ರ.

ಹಾಗಾದರೆ ಸಾಮಗ್ರಿ ಎಲ್ಲಿಯದು ಎಂಬ ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಸ್ವಾರಸ್ಯದ್ದು. ಒಂದು ಜೀವಕೋಶ ಎರಡಾಗುವ ಮೊದಲು ಸುಮಾರು 640 ಕೋಟಿ ಅಕ್ಷರಜೋಡಿಗಳಷ್ಟು ಡಿಎನ್‌ಎಯನ್ನು ನಕಲು ಮಾಡಬೇಕು, ಅಂದರೆ ಸಾವಿರ ಕೋಟಿಗೂ ಹೆಚ್ಚು ನ್ಯೂಕ್ಲಿಯೋಟೈಡುಗಳು (ಸಕ್ಕರೆ, ಫಾಸ್ಫೇಟ್ ಸಮೇತದ ಬಿಡಿ ಅಕ್ಷರಗಳು) ಸಿದ್ಧವಾಗಿರಬೇಕು. ಇವುಗಳನ್ನು ಜೀವಕೋಶವು ತೀರಾ ಸಾಮಾನ್ಯವಾದ ಸಣ್ಣ ಅಣುಗಳಿಂದ ತಾನೇ ಕಟ್ಟಿಕೊಳ್ಳುತ್ತದೆ. ಅಡಿನಿನ್ ಮತ್ತು ಗ್ವಾನಿನ್‌ಗಳಿಗೆ ತಳಹದಿಯಾದ ಪ್ಯೂರಿನ್ ಉಂಗುರದಲ್ಲಿ ಐದು ಇಂಗಾಲ, ನಾಲ್ಕು ಸಾರಜನಕ ಪರಮಾಣುಗಳಿವೆ. ಅವುಗಳಲ್ಲಿ ಎರಡು ಇಂಗಾಲ, ಒಂದು ಸಾರಜನಕ ಗ್ಲೈಸಿನ್ ಎಂಬ ಅಮೈನೋ ಆಮ್ಲದಿಂದ ಬರುತ್ತವೆ. ಎರಡು ಸಾರಜನಕ ಗ್ಲುಟಮಿನ್‌ನಿಂದ, ಒಂದು ಸಾರಜನಕ ಆಸ್ಪಾರ್ಟೇಟ್‌ನಿಂದ ಬರುತ್ತವೆ. ಒಂದು ಇಂಗಾಲ ಕಾರ್ಬನ್ ಡೈಆಕ್ಸೈಡ್‌ನಿಂದ ಬಂದರೆ, ಉಳಿದ ಎರಡು ಇಂಗಾಲಗಳನ್ನು ಫೋಲೇಟ್ ವಿಟಮಿನ್ನಿನ ಒಂದು ರೂಪ ಹೊತ್ತು ತಂದು ಕೊಡುತ್ತದೆ. ಆದ್ದರಿಂದ ನೀವು ಉಂಡ ಜೋಳದ ರೊಟ್ಟಿ, ಬೇಳೆಗಳ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆದು, ಅವುಗಳ ಪರಮಾಣುಗಳು ಕೊನೆಗೆ ನಿಮ್ಮ ಡಿಎನ್‌ಎಯ ಅಕ್ಷರಗಳಲ್ಲಿ ನೆಲೆಗೊಳ್ಳುತ್ತವೆ ಎಂದರೆ ಅದು ನಿಜವೇ. ಬದನೆಯ ಡಿಎನ್‌ಎ ಮಾತ್ರ ಡಿಎನ್‌ಎಯಾಗಿ ಬರುವುದಿಲ್ಲ.

ಕಟ್ಟುವ ಕ್ರಮದಲ್ಲಿಯೂ ಒಂದು ವ್ಯತ್ಯಾಸವಿದೆ. ಇದನ್ನು ನೆನಪಿಟ್ಟುಕೊಂಡರೆ ಪಠ್ಯದ ಆ ಅಧ್ಯಾಯ ಹಗುರಾಗುತ್ತದೆ. ಪ್ಯೂರಿನ್ ಉಂಗುರವನ್ನು ಜೀವಕೋಶವು ರೈಬೋಸ್ ಸಕ್ಕರೆಯ ಮೇಲೆಯೇ, ಒಂದೊಂದೇ ತುಂಡನ್ನು ಸೇರಿಸುತ್ತಾ ಹತ್ತು ಹೆಜ್ಜೆಗಳಲ್ಲಿ ಕಟ್ಟುತ್ತದೆ. ನಮ್ಮ ದೇಹದಲ್ಲಿ ಈ ಹತ್ತು ಹೆಜ್ಜೆಗಳನ್ನು ಆರು ಕಿಣ್ವಗಳು ಹಂಚಿಕೊಂಡಿವೆ. ಸೈಟೊಸಿನ್, ಯುರಾಸಿಲ್, ಥೈಮಿನ್‌ಗಳ ಪಿರಿಮಿಡಿನ್ ಉಂಗುರವು ಮೊದಲು ಬೇರೆಯಾಗಿಯೇ ರೂಪುಗೊಂಡು, ಆಮೇಲೆ ಸಕ್ಕರೆಗೆ ಜೋಡಣೆಯಾಗುತ್ತದೆ. ಪ್ಯೂರಿನ್ ದಾರಿಯ ಕೊನೆಯಲ್ಲಿ ಸಿಗುವ ಐಎಂಪಿ ಎಂಬ ಅಣುವಿನಿಂದ ಎರಡು ಕವಲುಗಳು ಒಡೆಯುತ್ತವೆ: ಅಡಿನಿನ್ ಕಡೆಗೆ ಹೋಗಲು ಜಿಟಿಪಿ ಎಂಬ, ಗ್ವಾನಿನ್ ಇರುವ ಶಕ್ತಿಯ ಅಣು ಬೇಕು, ಗ್ವಾನಿನ್ ಕಡೆಗೆ ಹೋಗಲು ಎಟಿಪಿ ಎಂಬ, ಅಡಿನಿನ್ ಇರುವ ಶಕ್ತಿಯ ಅಣು ಬೇಕು. ಒಂದು ಹೆಚ್ಚಿದ್ದರೆ ಅದು ಇನ್ನೊಂದರ ತಯಾರಿಕೆಗೆ ನೆರವಾಗುವುದರಿಂದ ಎರಡೂ ಸಮತೋಲನದಲ್ಲಿ ಉಳಿಯುತ್ತವೆ. ರಸಾಯನಶಾಸ್ತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡುಗಳು ನನಗೆ ಹೆಚ್ಚು ಕಂಡಿಲ್ಲ.

ಇಲ್ಲಿಯವರೆಗೆ ಸಿದ್ಧವಾಗಿರುವುದು ಆರ್‌ಎನ್‌ಎಯ ಸಾಮಗ್ರಿ. ಡಿಎನ್‌ಎಗೆ ಬೇಕಾದರೆ ಸಕ್ಕರೆಯಿಂದ ಒಂದು ಆಮ್ಲಜನಕವನ್ನು ತೆಗೆಯಬೇಕು. ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಮಾಡುತ್ತದೆ. ಕುಡಗೋಲು ಕಣ ರಕ್ತಹೀನತೆಯವರಿಗೆ ಕೊಡುವ ಹೈಡ್ರಾಕ್ಸಿಯೂರಿಯಾ ತಡೆಯುವುದು ಈ ಕಿಣ್ವವನ್ನೇ.

ಡಿಎನ್‌ಎಯನ್ನು ಜೀವಕೋಶ ಅಷ್ಟು ಜತನದಿಂದ ಕಾಪಾಡುತ್ತದೆ, ಆರ್‌ಎನ್‌ಎಯನ್ನು ಮಾತ್ರ ಮಾಡಿದ ಕೂಡಲೇ ಒಡೆಯುತ್ತದೆ ಎನ್ನುತ್ತಾರೆ. ಇದು ಶಕ್ತಿಯ ದುಂದು ಅಲ್ಲವೇ? ಮಕ್ಕಳು ಕೇಳಿದಾಗ ಸರಿಯಾಗಿ ವಿವರಿಸಲಾಗಲಿಲ್ಲ. (ಪ್ರೌಢಶಾಲಾ ಶಿಕ್ಷಕರು, ಕುಷ್ಟಗಿ)

ಸಂದೇಶವಾಹಕ ಆರ್‌ಎನ್‌ಎ ಎಂಬುದು ಯಾವ ಪ್ರೋಟೀನನ್ನು ಈಗ ತಯಾರಿಸಬೇಕು ಎಂಬ ಆದೇಶ. ಆದೇಶ ಅಳಿಯದೆ ಉಳಿದರೆ ಬೇಡವಾದ ಮೇಲೂ ಪ್ರೋಟೀನು ತಯಾರಾಗುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾದಲ್ಲಿ ಇಂತಹ ಆರ್‌ಎನ್‌ಎ ಕೆಲವೇ ನಿಮಿಷ ಬಾಳುತ್ತದೆ, ನಮ್ಮ ಜೀವಕೋಶಗಳಲ್ಲಿ ಹೆಚ್ಚಾಗಿ ಕೆಲವು ಗಂಟೆ. ಪರಿಸ್ಥಿತಿ ಬದಲಾದ ಕೂಡಲೇ ಜೀವಕೋಶವು ತನ್ನ ಕೆಲಸವನ್ನು ಬದಲಿಸಲು ಶಕ್ತವಾಗಿರುವುದು ಈ ಒಡೆಯುವಿಕೆಯಿಂದಲೇ.

ಒಡೆದದ್ದು ವ್ಯರ್ಥವಾಗುವುದೂ ಇಲ್ಲ. ಹಳೆಯ ಮನೆಯನ್ನು ಬಿಚ್ಚುವವರು ತೊಲೆ, ಬಾಗಿಲು, ಕಲ್ಲುಗಳನ್ನು ಜೋಪಾನವಾಗಿ ತೆಗೆದಿಟ್ಟು ಹೊಸ ಮನೆಗೆ ಬಳಸುವಂತೆ, ಜೀವಕೋಶವೂ ಬಿಡಿಯಾದ ಪ್ಯೂರಿನ್‌ಗಳನ್ನು, ಅಂದರೆ ಹೈಪೊಕ್ಸಾಂಥಿನ್, ಗ್ವಾನಿನ್‌ಗಳನ್ನು, ಒಂದೇ ಹೆಜ್ಜೆಯಲ್ಲಿ ಮತ್ತೆ ನ್ಯೂಕ್ಲಿಯೋಟೈಡ್ ಮಾಡಿಕೊಳ್ಳುತ್ತದೆ. ಮೊದಲಿನಿಂದ ಕಟ್ಟಲು ಹತ್ತು ಹೆಜ್ಜೆ ಮತ್ತು ಅನೇಕ ಎಟಿಪಿಗಳು ಖರ್ಚಾಗುವಲ್ಲಿ ಇದು ಬಹಳ ಅಗ್ಗದ ದಾರಿ. ಕೆಂಪು ರಕ್ತಕಣಗಳಿಗೆ ಪ್ಯೂರಿನನ್ನು ಮೊದಲಿನಿಂದ ಕಟ್ಟುವ ಸಾಮರ್ಥ್ಯವೇ ಇಲ್ಲ. ಅವು ಬದುಕುವುದು ಮರುಬಳಕೆಯಿಂದ.

ಈ ಮರುಬಳಕೆ ಎಷ್ಟು ಮುಖ್ಯ ಎಂಬುದನ್ನು ತೋರಿಸಿದ್ದು ಅಪರೂಪದ ಒಂದು ಕಾಯಿಲೆ. ಹೈಪೊಕ್ಸಾಂಥಿನ್, ಗ್ವಾನಿನ್‌ಗಳನ್ನು ಮರುಬಳಕೆಗೆ ತರುವ ಕಿಣ್ವ ಹುಟ್ಟಿನಿಂದಲೇ ಇಲ್ಲದ ಗಂಡುಮಕ್ಕಳನ್ನು ಮೈಕೆಲ್ ಲೆಶ್ ಮತ್ತು ವಿಲಿಯಂ ನೈಹಾನ್ 1964ರಲ್ಲಿ ವರ್ಣಿಸಿದರು. ಆ ಮಕ್ಕಳ ದೇಹದಲ್ಲಿ ಯೂರಿಕ್ ಆಮ್ಲ ಅತಿಯಾಗಿ ಉತ್ಪತ್ತಿಯಾಗುತ್ತದೆ, ಕೈಕಾಲುಗಳು ಹತೋಟಿಯಲ್ಲಿರುವುದಿಲ್ಲ, ತಮ್ಮ ತುಟಿ, ಬೆರಳುಗಳನ್ನು ತಾವೇ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಔಷಧಿಯಿಂದ ಯೂರಿಕ್ ಆಮ್ಲವನ್ನು ಇಳಿಸಬಹುದು; ಮಿದುಳಿಗಾದ ತೊಂದರೆ ಮಾತ್ರ ಅದರಿಂದ ಸರಿಹೋಗುವುದಿಲ್ಲ. ಕಳಚುವ ಕೆಲಸ ನಿಂತರೂ ಅಪಾಯವೇ. ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವ ಇಲ್ಲದ ಶಿಶುಗಳಲ್ಲಿ ಒಡೆಯದೆ ಉಳಿದ ಅಣುಗಳು ಸೇರಿಕೊಂಡು, ನಾನು ಮೇಲೆ ಹೇಳಿದ ರಿಡಕ್ಟೇಸ್ ಕಿಣ್ವವನ್ನು ತಡೆದು, ರೋಗ ನಿರೋಧಕ ಬಿಳಿ ರಕ್ತಕಣಗಳು ಬೆಳೆಯದಂತೆ ಮಾಡುತ್ತವೆ. 1990ರಲ್ಲಿ ಅಮೆರಿಕದಲ್ಲಿ ಅನುಮೋದಿತ ಜೀನ್ ಚಿಕಿತ್ಸೆಯ ಮೊದಲ ಪ್ರಯೋಗ ನಡೆದದ್ದು ಈ ಕಾಯಿಲೆಯ ಮೇಲೆ.

ಡಿಎನ್‌ಎಯನ್ನು ಕಾಪಾಡುತ್ತದೆ ಎಂಬ ಮಾತಿಗೂ ಒಂದು ಮಿತಿ ಇದೆ. ಮೂಳೆಮಜ್ಜೆಯಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ತಯಾರಾಗುತ್ತವೆ, ಮತ್ತು ಪ್ರತಿಯೊಂದೂ ಪಕ್ವವಾಗುವಾಗ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕುತ್ತದೆ. ಹೊರಬಿದ್ದ ಆ ಎಲ್ಲ ಡಿಎನ್‌ಎಯನ್ನು ನುಂಗಿ ಕರಗಿಸುವುದು ಪಕ್ಕದಲ್ಲೇ ಇರುವ ಭಕ್ಷಕ ಕೋಶಗಳು. ಇದನ್ನು ಮಕ್ಕಳಿಗೆ ಹೇಳಿ. ಮುಂದಿನ ಉತ್ತರಕ್ಕೂ ಇದು ಬೇಕಾಗುತ್ತದೆ.

ನನಗೆ 46 ವರ್ಷ, ಭತ್ತದ ಕೃಷಿ. ಈ ವರ್ಷ ಎರಡು ಸಲ ಬಲಗಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಾಗಿ ಊದಿ, ಚಾದರ ತಾಗಿದರೂ ತಾಳಲಾಗದಷ್ಟು ನೋವಾಯಿತು. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 8.4 ಬಂದಿದೆ. ಊರಿನವರು ತೊಗರಿಬೇಳೆ, ಕಾಳುಪಲ್ಯ, ಪಾಲಕ್ ಎಲ್ಲ ಬಿಡಿಸಿದ್ದಾರೆ. ವೈದ್ಯರು ಬರೆದ ಮಾತ್ರೆ ತೆಗೆದುಕೊಂಡ ಮೇಲೆ ಮತ್ತೊಮ್ಮೆ ನೋವು ಬಂದದ್ದರಿಂದ ಅದನ್ನೂ ನಿಲ್ಲಿಸಿದ್ದೇನೆ. ಏನು ಮಾಡಲಿ? (ಸಿಂಧನೂರು)

ಮೊದಲು ಹೇಳಬೇಕಾದದ್ದು: ಮಾತ್ರೆ ನಿಲ್ಲಿಸಿರುವ ವಿಷಯವನ್ನು ದಯವಿಟ್ಟು ಈ ವಾರದಲ್ಲೇ ನಿಮ್ಮ ವೈದ್ಯರಿಗೆ ತಿಳಿಸಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಯೂರಿಕ್ ಆಮ್ಲವು ಪ್ಯೂರಿನ್‌ಗಳು ಕಳಚಿಹೋಗುವ ದಾರಿಯ ಕೊನೆಯ ನಿಲ್ದಾಣ. ಅಡಿನಿನ್, ಗ್ವಾನಿನ್‌ಗಳ ನ್ಯೂಕ್ಲಿಯೋಟೈಡುಗಳು ಹಂತಹಂತವಾಗಿ ಕ್ಸಾಂಥಿನ್ ಆಗಿ, ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಯೂರಿಕ್ ಆಮ್ಲವಾಗುತ್ತವೆ. ಪಿರಿಮಿಡಿನ್‌ಗಳ ಉಂಗುರವಾದರೆ ಪೂರ್ತಿ ಬಿಚ್ಚಿಕೊಂಡು ನೀರಿನಲ್ಲಿ ಸುಲಭವಾಗಿ ಕರಗುವ ಸಣ್ಣ ಅಣುಗಳಾಗುತ್ತದೆ, ಆದ್ದರಿಂದ ಅವುಗಳಿಂದ ಗೌಟ್, ಅಂದರೆ ನಿಮ್ಮ ಹೆಬ್ಬೆರಳಿಗೆ ಬಂದಂತಹ ಕೀಲುನೋವು, ಬರುವುದಿಲ್ಲ. ಪ್ಯೂರಿನ್ ಉಂಗುರವನ್ನು ಮಾತ್ರ ನಮ್ಮ ದೇಹ ಪೂರ್ತಿ ಬಿಚ್ಚಲಾರದು. ಹಸು, ಎಮ್ಮೆ, ಕುರಿಗಳಲ್ಲಿ ಯೂರಿಕೇಸ್ ಎಂಬ ಇನ್ನೊಂದು ಕಿಣ್ವವಿದ್ದು, ಅದು ಯೂರಿಕ್ ಆಮ್ಲವನ್ನು ಹೆಚ್ಚು ಕರಗುವ ಅಲಂಟಾಯಿನ್ ಮಾಡುತ್ತದೆ. ಮನುಷ್ಯ ಮತ್ತು ದೊಡ್ಡ ವಾನರಗಳ ಪೂರ್ವಜರಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಆ ಕಿಣ್ವದ ಜೀನ್ ಕೆಟ್ಟುಹೋಯಿತು. ಹೀಗಾಗಿ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಯಾವಾಗಲೂ ಕರಗುವ ಮಿತಿಯ ಹತ್ತಿರವೇ ಇರುತ್ತದೆ. ಆ ಮಿತಿ, ದೇಹದ ಉಷ್ಣತೆಯಲ್ಲಿ, 100 ಮಿಲಿಲೀಟರಿಗೆ ಸುಮಾರು 6.8 ಮಿಲಿಗ್ರಾಂ. ನಿಮ್ಮದು 8.4; ಹೆಚ್ಚಾದದ್ದು ಸೂಜಿಯಂತಹ ಹರಳುಗಳಾಗಿ ಕೀಲುಗಳಲ್ಲಿ ಕೂರುತ್ತದೆ. ದೇಹದ ತುದಿಯಲ್ಲಿರುವ ಹೆಬ್ಬೆರಳು ಉಳಿದ ಭಾಗಕ್ಕಿಂತ ತಂಪಾಗಿರುವುದು ಅಲ್ಲಿಯೇ ಮೊದಲು ಹರಳುಗಟ್ಟಲು ಒಂದು ಕಾರಣ.

ಈ ಯೂರಿಕ್ ಆಮ್ಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರುವುದು ನಿಮ್ಮ ತಟ್ಟೆಯಿಂದಲ್ಲ, ನಿಮ್ಮದೇ ಜೀವಕೋಶಗಳಿಂದ. ಕುಷ್ಟಗಿಯ ಶಿಕ್ಷಕರಿಗೆ ಹೇಳಿದ ಆ ಕೋಟಿಗಟ್ಟಲೆ ಕೋಶಕೇಂದ್ರಗಳು, ದಿನವೂ ಸಾಯುವ ಕರುಳಿನ, ಚರ್ಮದ ಕೋಶಗಳು, ಒಡೆಯುವ ಆರ್‌ಎನ್‌ಎ, ಇವೆಲ್ಲದರ ಪ್ಯೂರಿನು ಅದರಲ್ಲಿದೆ. ಜೊತೆಗೆ, ಗೌಟ್ ಇರುವ ಬಹುಪಾಲು ಜನರಲ್ಲಿ ತೊಂದರೆ ಇರುವುದು ಹೆಚ್ಚು ತಯಾರಾಗುವುದರಲ್ಲಿ ಅಲ್ಲ. ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ. ಇದಕ್ಕೆ ಹೆಚ್ಚಾಗಿ ವಂಶದ ಕಾರಣವಿರುತ್ತದೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಮತ್ತು ಕಡಿಮೆ ಪ್ರಮಾಣದ ಆಸ್ಪಿರಿನ್ ಸಹ ಯೂರಿಕ್ ಆಮ್ಲವನ್ನು ಏರಿಸುತ್ತವೆ. ನೀವು ಅಂತಹವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ನೆನಪಿಸಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ತೊಗರಿಬೇಳೆಯ ಮಾತಿಗೆ ಬರೋಣ, ಏಕೆಂದರೆ ನಮ್ಮ ಭಾಗದಲ್ಲಿ ಈ ತಪ್ಪು ತಿಳಿವಳಿಕೆ ಮನೆಮನೆಗಳಲ್ಲಿದೆ ಮತ್ತು ಇದರಿಂದ ಬಡವರ ಊಟದ ಮುಖ್ಯ ಪ್ರೋಟೀನು ಹೋಗುತ್ತಿದೆ ಎಂಬುದು ನನಗೆ ನಿಜವಾಗಿ ಸಂಕಟದ ವಿಷಯ. ಬೇಳೆಕಾಳುಗಳಲ್ಲಿ ಪ್ಯೂರಿನ್ ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ಮತ್ತು ಸಮುದ್ರದ ಮೀನು, ಸೀಗಡಿಗಳನ್ನು ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚಾಗಿ ಕಂಡುಬಂದಿತು. ಪ್ಯೂರಿನ್ ಹೆಚ್ಚಿರುವ ತರಕಾರಿ, ಕಾಳುಗಳಿಂದ ಹೆಚ್ಚಲಿಲ್ಲ. ಹಾಲಿನ ಪದಾರ್ಥಗಳನ್ನು ಹೆಚ್ಚು ಬಳಸುವವರಲ್ಲಿ ಕಡಿಮೆಯೇ ಇತ್ತು. ಆದ್ದರಿಂದ ಬೇಳೆ, ಹೆಸರುಕಾಳು, ಪಾಲಕ್‌ಗಳನ್ನು ಊಟಕ್ಕೆ ಮರಳಿ ತನ್ನಿ. ನಿಜವಾಗಿ ಬಿಡಬೇಕಾದವು ಬೇರೆ ಇವೆ. ಮೊದಲನೆಯದು ಮದ್ಯ, ಅದರಲ್ಲೂ ಬಿಯರ್: ಮದ್ಯವು ಯೂರಿಕ್ ಆಮ್ಲ ಹೊರಹೋಗುವುದನ್ನು ತಡೆಯುತ್ತದೆ, ಬಿಯರಿನಲ್ಲಿ ಅದರ ಜೊತೆಗೆ ಪ್ಯೂರಿನೂ ಇರುತ್ತದೆ. ಎರಡನೆಯದು ಬಾಟಲಿಯ ಸಿಹಿ ಪಾನೀಯಗಳು. ಸಕ್ಕರೆಯಲ್ಲಿರುವ ಫ್ರಕ್ಟೋಸು ಯಕೃತ್ತಿನಲ್ಲಿ ಎಟಿಪಿಯನ್ನು ಒಮ್ಮೆಗೇ ಖರ್ಚು ಮಾಡಿಸುತ್ತದೆ. ಖರ್ಚಾದ ಎಟಿಪಿಯ ಅಡಿನಿನ್ ಯೂರಿಕ್ ಆಮ್ಲದ ದಾರಿ ಹಿಡಿಯುತ್ತದೆ. ಪ್ಯೂರಿನೇ ಇಲ್ಲದ ಪಾನೀಯ ಯೂರಿಕ್ ಆಮ್ಲವನ್ನು ಏರಿಸುವುದು ಹೀಗೆ. ಕುರಿ, ಕೋಳಿಗಳ ಯಕೃತ್ತು, ಮೂತ್ರಪಿಂಡಗಳನ್ನು ತಿನ್ನುವ ರೂಢಿಯಿದ್ದರೆ ಅದನ್ನೂ ಬಿಡಿ.

ನೀರಿನ ವಿಷಯ ನಮ್ಮಲ್ಲಿ ವಿಶೇಷವಾಗಿ ಹೇಳಬೇಕಾದದ್ದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗದ್ದೆಯಲ್ಲಿ ದುಡಿಯುವವರ ದೇಹದ ನೀರೆಲ್ಲ ಬೆವರಾಗಿ ಹೋಗಿ ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಆಗ ಯೂರಿಕ್ ಆಮ್ಲ ಮೂತ್ರಪಿಂಡದಲ್ಲೇ ಕಲ್ಲಾಗಬಹುದು. ಮೂತ್ರ ತಿಳಿ ಬಣ್ಣದಲ್ಲಿರುವಷ್ಟು ನೀರು, ಮಜ್ಜಿಗೆ ಕುಡಿಯಿರಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದರೆ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ.

ಇನ್ನು ಮಾತ್ರೆ. ನೀವು ಹೆಸರು ಬರೆದಿಲ್ಲ. ಅದು ಅಲೋಪ್ಯುರಿನಾಲ್ ಆಗಿದ್ದರೆ, ಅಮೆರಿಕದ ಔಷಧ ವಿಜ್ಞಾನಿಗಳಾದ ಜರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದದ್ದು. ಕ್ಸಾಂಥಿನ್ ಆಕ್ಸಿಡೇಸ್ ಕಿಣ್ವವನ್ನು ತಡೆಯುವ ಈ ಅಣುವನ್ನು ಅವರು ಮೊದಲು ಪರೀಕ್ಷಿಸಿದ್ದು ಗೌಟ್‌ಗಾಗಿ ಅಲ್ಲ; ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕಾಪ್ಟೊಪ್ಯೂರಿನ್ ಎಂಬ ಔಷಧಿಯನ್ನು ಅದೇ ಕಿಣ್ವ ಒಡೆದುಹಾಕುತ್ತದೆ ಎಂಬ ಕಾರಣಕ್ಕೆ. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂದಿತು. ಇಂತಹ ಮಾತ್ರೆಗಳನ್ನು ಶುರು ಮಾಡಿದ ಮೊದಲ ತಿಂಗಳುಗಳಲ್ಲಿ, ಹಳೆಯ ಹರಳುಗಳು ಕರಗತೊಡಗುವುದರಿಂದ, ನೋವು ಮತ್ತೆ ಕಾಣಿಸಿಕೊಳ್ಳಬಹುದು. ಅದು ಮಾತ್ರೆ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಲ್ಲ. ಇದಕ್ಕಾಗಿಯೇ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ, ಜೊತೆಗೆ ಕೊಲ್ಚಿಸಿನ್‌ನಂತಹ ಮಾತ್ರೆಯನ್ನು ಕೆಲವು ತಿಂಗಳು ಕೊಡುತ್ತಾರೆ. ಯೂರಿಕ್ ಆಮ್ಲ 6ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಲ್ಲಬೇಕು. ಆಗ ಹರಳುಗಳು ನಿಧಾನವಾಗಿ ಕರಗಿಹೋಗುತ್ತವೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಮಾತ್ರೆ ತೆಗೆದುಕೊಳ್ಳುವಾಗ ಮೈಮೇಲೆ ದದ್ದು, ಬಾಯಿಯಲ್ಲಿ ಹುಣ್ಣು, ಜ್ವರ ಕಂಡರೆ ಅದನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೋಗ ನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಎಂಬ ಔಷಧಿಯನ್ನು ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸದೆ ಅಲೋಪ್ಯುರಿನಾಲ್ ಶುರು ಮಾಡಲೇಬಾರದು. ಅಜಥಯೋಪ್ರಿನ್ ಒಡೆಯದೆ ದೇಹದಲ್ಲಿ ಸೇರಿಕೊಂಡು ಮೂಳೆಮಜ್ಜೆಯನ್ನು ಕೆಡಿಸುತ್ತದೆ.

ಹಕ್ಕಿಗಳ ಹಿಕ್ಕೆಯ ಬಿಳಿ ಭಾಗವೂ ಯೂರಿಕ್ ಆಮ್ಲವೇ ಎಂದು ಓದಿದೆ. ಹಾಗಿದ್ದರೆ ಅವುಗಳಿಗೆ ಗೌಟ್ ಏಕೆ ಬರುವುದಿಲ್ಲ? (ಸಂಡೂರು)

ಬರುತ್ತದೆ. ಕೋಳಿ ಸಾಕುವವರನ್ನು ಕೇಳಿ ನೋಡಿ: ನೀರು ಸಾಲದೆ ಅಥವಾ ಮೂತ್ರಪಿಂಡ ಕೆಟ್ಟು ಸತ್ತ ಕೋಳಿಯ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಲವಣ ಕೂತಿರುತ್ತದೆ. ಆರೋಗ್ಯವಾಗಿರುವ ಹಕ್ಕಿಯ ಮೂತ್ರಪಿಂಡ ಅದನ್ನು ಬಹಳ ಸಮರ್ಥವಾಗಿ ಹೊರಹಾಕುತ್ತದೆ. ನಾವು ಪ್ರೋಟೀನಿನ ಹೆಚ್ಚಿನ ಸಾರಜನಕವನ್ನು ಯೂರಿಯಾ ಮಾಡಿ ನೀರಿನಲ್ಲಿ ಕಳುಹಿಸಿದರೆ, ಹಕ್ಕಿಗಳು ಆ ಸಾರಜನಕವನ್ನೂ ಪ್ಯೂರಿನ್ ಉಂಗುರವಾಗಿ ಕಟ್ಟಿ, ಯೂರಿಕ್ ಆಮ್ಲವಾಗಿಸಿ, ಕಡಿಮೆ ನೀರಿನಲ್ಲಿ ವಿಸರ್ಜಿಸುತ್ತವೆ. ಮೊಟ್ಟೆಯೊಳಗಿನ ಮರಿಗೂ ಇದೇ ಅನುಕೂಲ, ಏಕೆಂದರೆ ಕರಗದ ಕಸವು ಒಂದು ಕಡೆ ಕೂತಿರುತ್ತದೆ, ಮರಿಗೆ ತಾಗುವುದಿಲ್ಲ.

ಗಂಗಾವತಿಯ ವಿದ್ಯಾರ್ಥಿನಿಗೆ ಹೇಳಿದ ಪ್ಯೂರಿನ್ ಉಂಗುರದ ಲೆಕ್ಕ ತಿಳಿದದ್ದೂ ಹಕ್ಕಿಗಳಿಂದಲೇ. 1940ರ ದಶಕದ ಕೊನೆಯಲ್ಲಿ ಜಾನ್ ಬುಕಾನನ್ ಮತ್ತು ಸಂಗಡಿಗರು ಗುರುತು ಹಾಕಿದ ಇಂಗಾಲ, ಸಾರಜನಕಗಳಿರುವ ಪದಾರ್ಥಗಳನ್ನು ಪಾರಿವಾಳಗಳಿಗೆ ಕೊಟ್ಟು, ಹಿಕ್ಕೆಯ ಯೂರಿಕ್ ಆಮ್ಲದಲ್ಲಿ ಆ ಗುರುತು ಯಾವ ಸ್ಥಾನದಲ್ಲಿ ಬಂದಿದೆ ಎಂದು ಒಂದೊಂದಾಗಿ ಪತ್ತೆಹಚ್ಚಿದರು.

ನನ್ನ ತಾಯಿಗೆ ಕೀಲುವಾತ, ರುಮಟಾಯಿಡ್ ಎಂದಿದ್ದಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಬೇರೆ ದಿನ ಫೋಲಿಕ್ ಆಸಿಡ್ ಬರೆದಿದ್ದಾರೆ. ಔಷಧಿ ಅಂಗಡಿಯವರು ಇದು ಕ್ಯಾನ್ಸರ್ ಮಾತ್ರೆ ಎಂದರು, ತಾಯಿ ಹೆದರಿದ್ದಾರೆ. ಒಂದು ಮಾತ್ರೆ ಫೋಲಿಕ್ ಆಮ್ಲವನ್ನು ತಡೆಯುತ್ತದೆ, ಇನ್ನೊಂದು ಅದನ್ನೇ ಕೊಡುತ್ತದೆ, ಇದೆಂತಹ ಚಿಕಿತ್ಸೆ? (ರಾಯಚೂರು)

ಡಿಎನ್‌ಎಯ ಥೈಮಿನ್ ತಯಾರಾಗುವಾಗ ಫೋಲೇಟ್ (ಫೋಲಿಕ್ ಆಮ್ಲ ದೇಹದಲ್ಲಿ ಆಗುವ ರೂಪ) ಒಂದು ಇಂಗಾಲವನ್ನು ಕೊಟ್ಟು ತಾನು ಬರಿದಾಗುತ್ತದೆ. ಬರಿದಾದದ್ದನ್ನು ಮತ್ತೆ ಕೆಲಸಕ್ಕೆ ಸಿದ್ಧಗೊಳಿಸುವ ಕಿಣ್ವವನ್ನು ಮೆಥೊಟ್ರೆಕ್ಸೇಟ್ ತಡೆಯುತ್ತದೆ. ಥೈಮಿನ್ ಇಲ್ಲದೆ ಡಿಎನ್‌ಎ ನಕಲಾಗದು, ಕೋಶ ವಿಭಜನೆಯಾಗದು. ವೇಗವಾಗಿ ಹೆಚ್ಚುವ ಕ್ಯಾನ್ಸರ್ ಕೋಶಗಳಿಗೆ ದೊಡ್ಡ ಪ್ರಮಾಣದಲ್ಲಿ ಇದನ್ನು ಕೊಡುವುದು ಅದಕ್ಕೇ. ಈ ಬಗೆಯ ಔಷಧಿಗಳ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಅಮೆರಿಕದಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನೂ ಅದಕ್ಕೆ ಎದುರಾಗಿ ನಿಲ್ಲುವ ಅಣುಗಳನ್ನೂ ತಯಾರಿಸಿತು. ಅವುಗಳಲ್ಲೊಂದರಿಂದ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1948ರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನವನ್ನು ಮೊದಲ ಬಾರಿಗೆ ಕಂಡರು.

ತಾಯಿಯವರಿಗೆ ಬರೆದಿರುವುದು ಅದಕ್ಕಿಂತ ಬಹಳ ಕಡಿಮೆ ಪ್ರಮಾಣ. ಈ ಪ್ರಮಾಣದಲ್ಲಿ ಅದು ಮಾಡುವ ಮುಖ್ಯ ಕೆಲಸ ಉರಿಯೂತವನ್ನು ಶಮನಗೊಳಿಸುವುದು. ಪ್ಯೂರಿನ್ ಕಟ್ಟುವ ಒಂದು ಹೆಜ್ಜೆ ತಡವಾಗಿ, ಅದರ ಪರಿಣಾಮವಾಗಿ ಅಡಿನೋಸಿನ್ (ಅಡಿನಿನ್‌ಗೆ ಸಕ್ಕರೆ ಸೇರಿದ ಅಣು) ಹೆಚ್ಚಿ, ಅದು ಕೀಲುಗಳಲ್ಲಿನ ಉರಿಯನ್ನು ಇಳಿಸುತ್ತದೆ ಎಂಬುದು ಈಗಿರುವ ಮುಖ್ಯ ವಿವರಣೆ. ಬೇರೆ ದಿನ ಕೊಡುವ ಫೋಲಿಕ್ ಆಮ್ಲವು ಬಾಯಿಹುಣ್ಣು, ವಾಕರಿಕೆ, ಯಕೃತ್ತಿನ ತೊಂದರೆಗಳನ್ನು ಕಡಿಮೆ ಮಾಡುತ್ತದೆ, ಮಾತ್ರೆಯ ಗುಣವನ್ನು ಕೆಡಿಸುವುದಿಲ್ಲ. ಇದು ಜಗತ್ತಿನಾದ್ಯಂತ ರೂಢಿಯಲ್ಲಿರುವ ಕ್ರಮ. ತಾಯಿಯವರಿಗೆ ಧೈರ್ಯ ಹೇಳಿ.

ಆದರೆ ದಿನದ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿರಿ. ವಾರಕ್ಕೊಮ್ಮೆ ಎಂಬುದನ್ನು ಮರೆತು ದಿನವೂ ನುಂಗಿದವರು ಪ್ರಾಣ ಕಳೆದುಕೊಂಡದ್ದುಂಟು, ಏಕೆಂದರೆ ಆಗ ಮೂಳೆಮಜ್ಜೆಯೇ ಡಿಎನ್‌ಎ ಕಟ್ಟಲಾಗದೆ ನಿಂತುಹೋಗುತ್ತದೆ. ಮಾತ್ರೆಯ ವಾರವನ್ನು, ಉದಾಹರಣೆಗೆ ಪ್ರತಿ ಸೋಮವಾರ ಎಂದು, ಕ್ಯಾಲೆಂಡರಿನಲ್ಲಿ ಗುರುತು ಮಾಡಿ ನೀವೇ ಕೈಯಾರೆ ಕೊಡಿ. ಓದು ಬಾರದವರ ಬಳಿ ಎರಡೂ ಮಾತ್ರೆಗಳನ್ನು ಒಟ್ಟಿಗೆ ಬಿಡಬೇಡಿ. ಜ್ವರ, ಬಾಯಿಹುಣ್ಣು, ಕಾರಣವಿಲ್ಲದೆ ಮೈಮೇಲೆ ರಕ್ತ ಹೆಪ್ಪುಗಟ್ಟಿದ ಕಲೆ, ಒಣಕೆಮ್ಮು ಅಥವಾ ಉಸಿರಾಟದ ತೊಂದರೆ ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಮೂತ್ರದ ಸೋಂಕಿಗೆ, ಭೇದಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಮಾತ್ರೆಯೂ ಫೋಲೇಟ್ ದಾರಿಯನ್ನೇ ತಡೆಯುವುದರಿಂದ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಬೇರೆ ಯಾವ ವೈದ್ಯರ ಬಳಿ ಹೋದರೂ ಮೆಥೊಟ್ರೆಕ್ಸೇಟ್ ನಡೆಯುತ್ತಿದೆ ಎಂದು ಮೊದಲೇ ಹೇಳಿ, ರಕ್ತಕಣಗಳು, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಅವರು ಹೇಳಿದ ಅವಧಿಗೆ ತಪ್ಪದೆ ಮಾಡಿಸಿ.